ನಮ್ಮ ಎಂಪಿ ಸಂಸತ್ತಿನಲ್ಲಿ ಏನು ಮಾಡುತ್ತಾರೆ? ಪದೇ ಪದೇ ಕೇಳುವ ಪ್ರಶ್ನೆಗಳು

ಮಾತುಕತೆಯಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಜೋಡಿಸಿದ್ದೇನೆ. ಯಾವ ಪಕ್ಷದ ಎಂಪಿ ಆದರೂ ಉತ್ತರ ಒಂದೇ. ಇಲ್ಲಿ ಹೇಳಿರುವ ದಾಖಲೆಗಳಲ್ಲಿ ಹೆಚ್ಚಿನವು ಪುಕ್ಕಟೆ ಸಿಗುತ್ತವೆ, ಯಾರ ಪರಿಚಯವೂ ಬೇಕಿಲ್ಲ. ಒಂದು ಫೋನು, ಸ್ವಲ್ಪ ಪುರುಸೊತ್ತು ಇದ್ದರೆ ಸಾಕು. ಮೊದಲ ಭಾಗ ಹೊಸಬರಿಗೆ. ಅದೆಲ್ಲ ಗೊತ್ತು ಅನ್ನುವವರು ನೇರ ಕೆಳಗಿಳಿಯಬಹುದು.

## ಶುರು ಮಾಡುವವರಿಗೆ

ನಮ್ಮ ಎಂಪಿ ದಿಲ್ಲೀಲಿ ಏನ್ಮಾಡ್ತಾರೆ ಅಂತ ಎಲ್ಲಿ ನೋಡೋದು?

ಎರಡು ಕಡೆ. ಒಂದು, ಸಂಸತ್ತಿನದೇ ಜಾಲತಾಣ, ಸಂಸದ್ ಡಾಟ್ ಇನ್. ಲೋಕಸಭೆ, ರಾಜ್ಯಸಭೆ ಎರಡರ ದಾಖಲೆಯೂ ಅಲ್ಲೇ ಇದೆ. ಸದಸ್ಯರ ಪಟ್ಟಿಗೆ ಹೋಗಿ ಹೆಸರು ಒತ್ತಿ. ಅವರು ಕೇಳಿದ ಪ್ರಶ್ನೆಗಳು, ಚರ್ಚೆಯಲ್ಲಿ ಆಡಿದ ಮಾತು, ತಂದ ಖಾಸಗಿ ಮಸೂದೆ (ಮಂತ್ರಿ ಅಲ್ಲದ ಸದಸ್ಯರು ಸ್ವಂತವಾಗಿ ತರುವ ಮಸೂದೆ), ಯಾವ ಸಮಿತಿಯಲ್ಲಿದ್ದಾರೆ ಅನ್ನುವುದು ಎಲ್ಲ ಸಿಗುತ್ತದೆ.

ಇನ್ನೊಂದು, ಪಿಆರ್‌ಎಸ್ ಲೆಜಿಸ್ಲೇಟಿವ್ ರಿಸರ್ಚ್ ಅನ್ನುವ ಸಂಸ್ಥೆಯ ತಾಣ. 2005ರಲ್ಲಿ ಶುರುವಾದ ಸ್ವತಂತ್ರ ಸಂಸ್ಥೆ ಇದು. ಸಂಸತ್ತಿನ ದಾಖಲೆಯನ್ನೇ ತೆಗೆದುಕೊಂಡು ಒಬ್ಬೊಬ್ಬ ಎಂಪಿಗೂ ಒಂದು ಪುಟ ಮಾಡಿದ್ದಾರೆ. ಹಾಜರಾತಿ ಎಷ್ಟು, ಪ್ರಶ್ನೆ ಎಷ್ಟು, ದೇಶದ ಸರಾಸರಿ ಎಷ್ಟು, ರಾಜ್ಯದ ಸರಾಸರಿ ಎಷ್ಟು ಎಂಬುದು ಒಂದೇ ನೋಟಕ್ಕೆ ಕಾಣುತ್ತದೆ. ನನ್ನ ರೂಢಿ ಹೀಗೆ: ಅಂದಾಜು ಬೇಕಾದರೆ ಪಿಆರ್‌ಎಸ್, ಅಸಲಿ ಮಾತು ಬೇಕಾದರೆ ಸಂಸದ್.

ನಂಗೆ ಎಂಎಲ್‌ಎ ಗೊತ್ತು, ಎಂಪಿ ಯಾರು ಅಂತ ಸರಿಯಾಗಿ ಗೊತ್ತಿಲ್ಲ. ಹೇಗೆ ತಿಳ್ಕೊಳ್ಳೋದು?

ತುಂಬಾ ಜನರ ಕಥೆ ಇದೇ. ಕರ್ನಾಟಕದಲ್ಲಿ 224 ವಿಧಾನಸಭಾ ಕ್ಷೇತ್ರಗಳಿವೆ, ಲೋಕಸಭಾ ಕ್ಷೇತ್ರಗಳು 28. ಅಂದರೆ ಎಂಟು ಎಂಎಲ್‌ಎಗಳ ಜಾಗಕ್ಕೆ ಒಬ್ಬ ಎಂಪಿ. ಎಡವಟ್ಟು ಆಗುವುದು ಜಿಲ್ಲೆಯ ಗಡಿಯನ್ನೇ ಕ್ಷೇತ್ರದ ಗಡಿ ಅಂದುಕೊಂಡಾಗ. ಕಡೂರು ಇರುವುದು ಚಿಕ್ಕಮಗಳೂರು ಜಿಲ್ಲೆಯಲ್ಲಿ, ಸೇರುವುದು ಹಾಸನ ಲೋಕಸಭಾ ಕ್ಷೇತ್ರಕ್ಕೆ. ಬೈಂದೂರು ಉಡುಪಿ ಜಿಲ್ಲೆಯದು, ಅವರ ಎಂಪಿ ಶಿವಮೊಗ್ಗ ಕ್ಷೇತ್ರದವರು. ಕುಣಿಗಲ್ ತುಮಕೂರು ಜಿಲ್ಲೆಯದು, ಕ್ಷೇತ್ರ ಬೆಂಗಳೂರು ಗ್ರಾಮಾಂತರ. ಮೊದಲು ನಿಮ್ಮ ವಿಧಾನಸಭಾ ಕ್ಷೇತ್ರ ಯಾವುದು ಅಂತ ವೋಟರ್ ಐಡಿಯಲ್ಲೋ ಚುನಾವಣಾ ಆಯೋಗದ ತಾಣದಲ್ಲೋ ನೋಡಿ. ಅಲ್ಲಿಂದ ಲೋಕಸಭಾ ಕ್ಷೇತ್ರ ಸಿಗುತ್ತದೆ.

ರಾಜ್ಯಸಭೆಯ ಲೆಕ್ಕ ಬೇರೆ. ಕರ್ನಾಟಕದಿಂದ 12 ಸದಸ್ಯರು. ಅವರನ್ನು ಆರಿಸುವುದು ಎಂಎಲ್‌ಎಗಳು, ಆರು ವರ್ಷಕ್ಕೆ. ಅವರಿಗೆ ಒಂದೊಂದು ಕ್ಷೇತ್ರ ಅಂತಿಲ್ಲ, ಇಡೀ ರಾಜ್ಯವೇ ಅವರದು.

ಸಂಸತ್ತು ವರ್ಷಪೂರ್ತಿ ನಡೆಯುತ್ತಾ?

ಇಲ್ಲ. ಸಾಮಾನ್ಯವಾಗಿ ವರ್ಷಕ್ಕೆ ಮೂರು ಅಧಿವೇಶನ: ಬಜೆಟ್, ಮಳೆಗಾಲ, ಚಳಿಗಾಲ. ಎರಡು ಅಧಿವೇಶನಗಳ ನಡುವೆ ಆರು ತಿಂಗಳಿಗಿಂತ ಜಾಸ್ತಿ ಅಂತರ ಇರಬಾರದು ಅಂತ ಸಂವಿಧಾನದ 85ನೇ ವಿಧಿ ಹೇಳುತ್ತದೆ. ಇಂತಿಷ್ಟು ದಿನ ಕೂರಲೇಬೇಕು ಅಂತ ಮಾತ್ರ ಎಲ್ಲೂ ಹೇಳಿಲ್ಲ. 1952ರಲ್ಲಿ ಶುರುವಾದ ಮೊದಲ ಲೋಕಸಭೆ ವರ್ಷಕ್ಕೆ ಸರಾಸರಿ 135 ದಿನ ಕೂತಿತ್ತು. 2019ರಿಂದ 2024ರವರೆಗಿನ 17ನೇ ಲೋಕಸಭೆ ಐದು ವರ್ಷ ಸೇರಿ ಕೂತಿದ್ದೇ 274 ದಿನ, ವರ್ಷಕ್ಕೆ ಸುಮಾರು 55. ನಿಮ್ಮ ಎಂಪಿ ಕಡಿಮೆ ಮಾತಾಡಿದ್ದಾರೆ ಅನ್ನುವ ಮುಂಚೆ ಮಾತಾಡಲು ಎಷ್ಟು ದಿನ ಸಿಕ್ಕಿತ್ತು ಅನ್ನುವುದನ್ನೂ ನೋಡಬೇಕು.

ಲೈವ್ ನೋಡಬಹುದಾ? ಕನ್ನಡದಲ್ಲಿ ಮಾತಾಡೋಕೆ ಬಿಡ್ತಾರಾ?

ಸಂಸದ್ ಟಿವಿಯಲ್ಲಿ ಎರಡೂ ಸದನಗಳ ಕಲಾಪ ನೇರಪ್ರಸಾರ ಆಗುತ್ತದೆ, ಯೂಟ್ಯೂಬ್‌ನಲ್ಲೂ ಇದೆ. ಮೊದಲು ಲೋಕಸಭಾ ಟಿವಿ, ರಾಜ್ಯಸಭಾ ಟಿವಿ ಅಂತ ಎರಡಿದ್ದವು. 2021ರಲ್ಲಿ ಒಂದು ಮಾಡಿದರು.

ಕನ್ನಡದಲ್ಲಿ ಧಾರಾಳವಾಗಿ ಮಾತಾಡಬಹುದು. ಕಲಾಪ ಹಿಂದಿ ಅಥವಾ ಇಂಗ್ಲಿಷಿನಲ್ಲಿ ನಡೆಯಬೇಕು ಅಂತ 120ನೇ ವಿಧಿ ಹೇಳಿದರೂ, ತಾಯ್ನುಡಿಯಲ್ಲಿ ಮಾತಾಡಲು ಸ್ಪೀಕರ್ ಅನುಮತಿ ಕೊಡಬಹುದು ಅಂತಲೂ ಅದೇ ವಿಧಿಯಲ್ಲಿದೆ. 1967ರಲ್ಲಿ ಶಿವಮೊಗ್ಗದಿಂದ ಗೆದ್ದು ಹೋದ ಜೆ.ಎಚ್. ಪಟೇಲರು ಲೋಕಸಭೆಯಲ್ಲಿ ಕನ್ನಡದಲ್ಲೇ ಮಾತಾಡಿ ಹೆಸರಾದವರು. ಈಗ ಕನ್ನಡಕ್ಕೆ ದುಭಾಷಿಗಳಿದ್ದಾರೆ. ಹಾಗಾಗಿ "ನಮಗೆ ಹಿಂದಿ ಬರಲ್ಲ, ಅದಕ್ಕೇ ಸುಮ್ನೆ ಕೂತಿದ್ದೆ" ಅನ್ನುವ ಎಂಪಿಯ ನೆಪವನ್ನು ಒಪ್ಪಬೇಕಾಗಿಲ್ಲ.

ನಮ್ಮೂರ ರಸ್ತೆ ಗುಂಡಿ ಬಗ್ಗೆ ಎಂಪಿ ಸಂಸತ್ತಿನಲ್ಲಿ ಯಾಕೆ ಕೇಳಲ್ಲ?

ಗುಂಡಿ ಯಾವ ರಸ್ತೆಯದು ಅನ್ನುವುದರ ಮೇಲೆ ಇದೆ. ಸಂಸತ್ತಿನಲ್ಲಿ ಕೇಂದ್ರ ಸರ್ಕಾರದ ಹೊಣೆ ಇರುವ ವಿಷಯವನ್ನಷ್ಟೇ ಕೇಳಲು ಬರುತ್ತದೆ. ರಾಷ್ಟ್ರೀಯ ಹೆದ್ದಾರಿ ಆದರೆ ಕೇಳಬಹುದು. ಪಂಚಾಯಿತಿ ರಸ್ತೆ, ಚರಂಡಿ, ಪೊಲೀಸ್ ಠಾಣೆ, ಸರ್ಕಾರಿ ಆಸ್ಪತ್ರೆಯ ಡಾಕ್ಟರು ಆದರೆ "ಇದು ರಾಜ್ಯದ ವಿಷಯ" ಅಂತ ಒಂದು ಸಾಲಿನ ಉತ್ತರ ಬರುತ್ತದೆ, ಅಥವಾ ಪ್ರಶ್ನೆಯೇ ತಿರಸ್ಕೃತ ಆಗುತ್ತದೆ. ರೈಲು, ಬಿಎಸ್‌ಎನ್‌ಎಲ್ ಟವರ್, ಪಿಎಫ್, ಬ್ಯಾಂಕು, ಬಂದರು, ಅಡಿಕೆ ಆಮದು, ಕಾಫಿ ಮಂಡಳಿ ಇಂಥವೆಲ್ಲ ಎಂಪಿ ಕೇಳಲೇಬೇಕಾದವು. ಕೇಳಿದ್ದಾರಾ ಅಂತ ಇವುಗಳಲ್ಲಿ ಹುಡುಕಿ.

## ಅಂಕಿಗಳ ಮುಂದೆ ಕೂತಾಗ

ಹಾಜರಾತಿ 95 ಪರ್ಸೆಂಟ್ ಇದೆ. ಒಳ್ಳೆ ಎಂಪಿ ಅಲ್ವಾ?

ಹಾಗಂತ ಹೇಳಲಾಗದು. ಹಾಜರಾತಿ ಅಂದರೆ ಆ ದಿನ ಸಹಿ ಹಾಕಿದ್ದಾರೆ ಅಂತ ಅಷ್ಟೇ. ಸಹಿ ಹಾಕಿ ಹತ್ತು ನಿಮಿಷದಲ್ಲಿ ಎದ್ದು ಹೋದವರಿಗೂ, ಬೆಳಗ್ಗೆಯಿಂದ ರಾತ್ರಿವರೆಗೆ ಕೂತು ಕೇಳಿದವರಿಗೂ ಒಂದೇ ಹಾಜರಿ. ಸಹಿಗೂ ದಿನಭತ್ಯೆಗೂ ನಂಟಿದೆ ಅನ್ನುವುದೂ ಗೊತ್ತಿರಲಿ. ಸಹಿ ಇದ್ದರೆ ಮಾತ್ರ ಅಧಿವೇಶನದ ದಿನಭತ್ಯೆ ಸಿಗುತ್ತದೆ. 2025ರ ಮಾರ್ಚ್‌ನ ಆದೇಶದ ಪ್ರಕಾರ ಅದು ದಿನಕ್ಕೆ 2,500 ರೂಪಾಯಿ.

17ನೇ ಲೋಕಸಭೆಯಲ್ಲಿ ಸದಸ್ಯರ ಸರಾಸರಿ ಹಾಜರಾತಿ ಶೇ 79 ಅಂತ ಪಿಆರ್‌ಎಸ್ ಲೆಕ್ಕ. ಹೀಗಾಗಿ 85ಕ್ಕೂ 95ಕ್ಕೂ ನಾನು ದೊಡ್ಡ ವ್ಯತ್ಯಾಸ ಮಾಡುವುದಿಲ್ಲ. ಆದರೆ 40, 50ಕ್ಕೆ ಇಳಿದರೆ ಕಾರಣ ಕೇಳಬೇಕು. ಕಾಯಿಲೆ ಇರಬಹುದು, ಪಕ್ಷದ ಕೆಲಸ ಇರಬಹುದು, ಅಮಾನತು ಆಗಿರಬಹುದು. 2023ರ ಚಳಿಗಾಲದ ಅಧಿವೇಶನದಲ್ಲಿ ಎರಡೂ ಸದನ ಸೇರಿ 146 ಸಂಸದರು ಅಮಾನತಾಗಿದ್ದರು. ಒಳಗೆ ಬಿಡದಿದ್ದ ದಿನಗಳನ್ನು ಗೈರು ಅಂತ ಲೆಕ್ಕ ಹಿಡಿದರೆ ನ್ಯಾಯವಲ್ಲ. ಆ ವರ್ಷದ ಅಂಕಿ ಓದುವಾಗ ಇದು ತಲೆಯಲ್ಲಿರಲಿ.

ನಮ್ಮ ಎಂಪಿ ಕೇಂದ್ರ ಮಂತ್ರಿ. ಅವರ ಪುಟದಲ್ಲಿ ಎಲ್ಲಾ ಖಾಲಿ ಇದೆಯಲ್ಲ?

ಖಾಲಿಯೇ ಇರಬೇಕು. ಮಂತ್ರಿಗಳು ಹಾಜರಾತಿಗೆ ಸಹಿ ಹಾಕುವುದಿಲ್ಲ, ಪ್ರಶ್ನೆ ಕೇಳುವುದಿಲ್ಲ, ಖಾಸಗಿ ಮಸೂದೆ ತರುವುದಿಲ್ಲ. ಪ್ರಶ್ನೆಗೆ ಉತ್ತರ ಕೊಡುವ ಕುರ್ಚಿಯಲ್ಲಿ ಕೂತವರು ಅವರು. ಸ್ಪೀಕರ್ ಮತ್ತು ವಿರೋಧ ಪಕ್ಷದ ನಾಯಕರೂ ಸಹಿ ಹಾಕಬೇಕಿಲ್ಲ. ಮಂತ್ರಿಯನ್ನು ಅಳೆಯಬೇಕಾದರೆ ಅವರ ಸಚಿವಾಲಯ ಕೊಟ್ಟ ಉತ್ತರಗಳನ್ನು ಓದಿ. "ಮಂತ್ರಿ ಒಂದೂ ಪ್ರಶ್ನೆ ಕೇಳಿಲ್ಲ" ಅಂತ ಪೋಸ್ಟರ್ ಮಾಡಿ ವಾಟ್ಸಾಪ್‌ನಲ್ಲಿ ಹಂಚುವವರು ಪ್ರತಿ ಚುನಾವಣೆಯಲ್ಲೂ ಸಿಗುತ್ತಾರೆ.

ಸದನಕ್ಕೆ ಬರಲೇ ಇಲ್ಲ ಅಂದ್ರೆ ಸದಸ್ಯತ್ವ ಹೋಗಲ್ವಾ?

ಸಂವಿಧಾನದ 101ನೇ ವಿಧಿಯಲ್ಲಿ ಅದಕ್ಕೆ ಅವಕಾಶ ಇದೆ. ಸದನದ ಅನುಮತಿ ಇಲ್ಲದೆ 60 ದಿನ ಎಲ್ಲ ಸಭೆಗಳಿಗೂ ಗೈರಾದರೆ ಸದನ ಆ ಸ್ಥಾನ ಖಾಲಿ ಅಂತ ಘೋಷಿಸಬಹುದು. ಆದರೆ ಅಧಿವೇಶನ ಮುಗಿದ ದಿನಗಳು ಈ ಅರವತ್ತಕ್ಕೆ ಸೇರುವುದಿಲ್ಲ, ಒಟ್ಟಿಗೆ ನಾಲ್ಕು ದಿನಕ್ಕಿಂತ ಜಾಸ್ತಿ ಮುಂದೂಡಿದ ಬಿಡುವೂ ಸೇರುವುದಿಲ್ಲ. ನಡುವೆ ಒಂದು ದಿನ ಬಂದು ಹೋದರೆ ಎಣಿಕೆ ಮತ್ತೆ ಮೊದಲಿಂದ. ಹಾಗಾಗಿ ಈ ನಿಯಮಕ್ಕೆ ಸಿಕ್ಕಿಬೀಳುವುದು ಕಷ್ಟ.

ಚುಕ್ಕೆ ಗುರುತಿನ ಪ್ರಶ್ನೆ, ಚುಕ್ಕೆ ರಹಿತ ಪ್ರಶ್ನೆ... ಏನಿದು?

ಚುಕ್ಕೆ ಇರುವ ಪ್ರಶ್ನೆಗೆ ಮಂತ್ರಿ ಸದನದಲ್ಲಿ ಎದ್ದು ನಿಂತು ಉತ್ತರಿಸಬೇಕು, ಅದರ ಮೇಲೆ ಉಪಪ್ರಶ್ನೆ ಕೇಳಬಹುದು. ಚುಕ್ಕೆ ಇಲ್ಲದ್ದಕ್ಕೆ ಲಿಖಿತ ಉತ್ತರ ಮಾತ್ರ. ಲೋಕಸಭೆಯಲ್ಲಿ ದಿನಕ್ಕೆ 20 ಚುಕ್ಕೆ ಪ್ರಶ್ನೆ, 230 ಚುಕ್ಕೆ ರಹಿತ ಪ್ರಶ್ನೆ. ರಾಜ್ಯಸಭೆಯಲ್ಲಿ 15 ಮತ್ತು 160. ಲೋಕಸಭೆಯ ಪ್ರಶ್ನೋತ್ತರ ವೇಳೆ ಬೆಳಗ್ಗೆ 11ಕ್ಕೆ, ರಾಜ್ಯಸಭೆಯದು ಮಧ್ಯಾಹ್ನ 12ಕ್ಕೆ.

ಯಾರ ಪ್ರಶ್ನೆ ಪಟ್ಟಿಗೆ ಬರಬೇಕು ಅನ್ನುವುದು ಲಾಟರಿಯಲ್ಲಿ ತೀರ್ಮಾನ ಆಗುತ್ತದೆ. ಪಟ್ಟಿಗೆ ಬಂದ ಇಪ್ಪತ್ತೂ ಒಂದು ಗಂಟೆಯಲ್ಲಿ ಮುಗಿಯುವುದು ಬಲು ಅಪರೂಪ, ಉಳಿದವಕ್ಕೆ ಲಿಖಿತ ಉತ್ತರವೇ ಗತಿ. ಗಲಾಟೆಯಾಗಿ ಸದನ ಮುಂದೂಡಿದರಂತೂ ಮುಗಿಯಿತು. ಹೀಗಾಗಿ ಚುಕ್ಕೆ ಪ್ರಶ್ನೆ ಕಡಿಮೆ ಇದ್ದರೆ ಅದು ಎಂಪಿಯ ತಪ್ಪಲ್ಲ. ಆದರೆ ಸರದಿ ಬಂದ ದಿನ ಅವರು ಸದನದಲ್ಲಿ ಇದ್ದರಾ, ಉಪಪ್ರಶ್ನೆ ಕೇಳಿದರಾ ಅನ್ನುವುದು ಅವರ ಕೈಯಲ್ಲೇ ಇತ್ತು. ಅದನ್ನು ಆ ದಿನದ ವಿಡಿಯೋದಲ್ಲಿ ನೋಡಬಹುದು. ಹೆಸರು ಕರೆದಾಗ ಕುರ್ಚಿ ಖಾಲಿ ಇದ್ದರೆ ಅದೂ ಕಾಣುತ್ತದೆ.

ಒಬ್ಬರು 400 ಪ್ರಶ್ನೆ ಕೇಳಿದ್ದಾರೆ, ನಮ್ಮವರು 90. ನಮ್ಮವರು ಸೋಮಾರಿನಾ?

ಇರಬಹುದು, ಇಲ್ಲದೆಯೂ ಇರಬಹುದು. ಮೊದಲು ಆ ನಾನೂರನ್ನು ತೆರೆದು ನೋಡಿ. ಎಷ್ಟೋ ಸಲ ಒಂದೇ ಪ್ರಶ್ನೆಯ ಕೆಳಗೆ ನಾಲ್ಕೈದು ಎಂಪಿಗಳ ಹೆಸರು ಇರುತ್ತದೆ. ಒಂದೇ ಥರದ ಪ್ರಶ್ನೆ ಬಂದಾಗ ಸಚಿವಾಲಯ ಒಟ್ಟಿಗೆ ಉತ್ತರ ಕೊಡುತ್ತದೆ, ಲೆಕ್ಕ ಮಾತ್ರ ಎಲ್ಲರ ಖಾತೆಗೂ ಸೇರುತ್ತದೆ. ಕೆಲವರ ಪ್ರಶ್ನೆಗಳಲ್ಲಿ ಯೋಜನೆಯ ಹೆಸರು ಬಿಟ್ಟರೆ ಉಳಿದ ಸಾಲೆಲ್ಲ ಅವೇ: ಯೋಜನೆಯ ಉದ್ದೇಶವೇನು, ರಾಜ್ಯವಾರು ಎಷ್ಟು ಹಣ, ಫಲಾನುಭವಿಗಳೆಷ್ಟು. ಇದನ್ನು ಆಪ್ತ ಸಹಾಯಕರೇ ತಯಾರಿಸಿ ಕಳಿಸಿಬಿಡಬಹುದು.

ಈ ಲೆಕ್ಕವೇ ಬೇಡ ಅಂತ ನಾನು ಹೇಳುತ್ತಿಲ್ಲ. ಐದು ವರ್ಷದಲ್ಲಿ ಹತ್ತು ಪ್ರಶ್ನೆ ಕೇಳಿದವರಿಗೆ ಯಾವ ಸಮರ್ಥನೆಯೂ ಇಲ್ಲ. ಲೋಕಸಭೆಯಲ್ಲಿ ದಿನಕ್ಕೆ ಐದು ಪ್ರಶ್ನೆವರೆಗೆ ಕಳಿಸಲು ಅವಕಾಶ ಇರುತ್ತದೆ. ಆದರೆ 90 ಮತ್ತು 400ರ ನಡುವೆ ಯಾರು ಮೇಲು ಅಂತ ಅಂಕಿ ನೋಡಿ ಹೇಳಲು ಬರುವುದಿಲ್ಲ. ನಾನು ಮಾಡುವುದು ಹೀಗೆ: ಪ್ರಶ್ನೆಗಳ ಪಟ್ಟಿಯಲ್ಲಿ ಕ್ಷೇತ್ರದ ಊರು, ನದಿ, ರೈಲು ನಿಲ್ದಾಣ, ಬೆಳೆಯ ಹೆಸರು ಎಷ್ಟು ಸಲ ಬಂದಿದೆ ಅಂತ ಹುಡುಕುತ್ತೇನೆ. ಆಮೇಲೆ ಒಂದೇ ವಿಷಯವನ್ನು ಬೇರೆ ಬೇರೆ ಅಧಿವೇಶನದಲ್ಲಿ ಬೆನ್ನುಹತ್ತಿ ಕೇಳಿದ್ದಾರಾ ಅಂತ ನೋಡುತ್ತೇನೆ. ಮೊದಲ ಸಲ "ಯೋಜನೆ ಇದೆಯಾ", ಎರಡನೇ ಸಲ "ಭೂಸ್ವಾಧೀನ ಎಲ್ಲಿಗೆ ಬಂತು", ಮೂರನೇ ಸಲ "ಮಂಜೂರಾದ ಹಣ ಯಾಕೆ ಖರ್ಚಾಗಿಲ್ಲ". ಇಂಥ ಮೂರು ಪ್ರಶ್ನೆ ಕಂಡರೆ ಅಲ್ಲಿ ಯಾರೋ ಕೆಲಸ ಮಾಡುತ್ತಿದ್ದಾರೆ ಅಂತ ಅರ್ಥ.

ದುಡ್ಡು ಕೊಟ್ಟು ಪ್ರಶ್ನೆ ಕೇಳಿಸ್ತಾರಂತೆ, ನಿಜಾನಾ?

ನಡೆದದ್ದುಂಟು. 2005ರಲ್ಲಿ ಒಂದು ರಹಸ್ಯ ಕಾರ್ಯಾಚರಣೆಯಲ್ಲಿ ಪ್ರಶ್ನೆ ಕೇಳಲು ಹಣ ಪಡೆದದ್ದು ಕ್ಯಾಮೆರಾದಲ್ಲಿ ಸೆರೆಯಾಗಿ, ಆ ಡಿಸೆಂಬರ್‌ನಲ್ಲಿ 11 ಸಂಸದರನ್ನು ಹೊರಹಾಕಿದರು. ಹತ್ತು ಜನ ಲೋಕಸಭೆಯವರು, ಒಬ್ಬರು ರಾಜ್ಯಸಭೆಯವರು. ಒಂದೇ ಕಂಪನಿ ಅಥವಾ ಒಂದೇ ಉದ್ಯಮಕ್ಕೆ ಅನುಕೂಲವಾಗುವ ಪ್ರಶ್ನೆಗಳು, ಕ್ಷೇತ್ರಕ್ಕೆ ಸಂಬಂಧವೇ ಇಲ್ಲದೆ, ಸಾಲುಸಾಲಾಗಿ ಬಂದಿದ್ದರೆ ಹುಬ್ಬೇರಿಸಿ. ಆದರೆ ಅಷ್ಟಕ್ಕೇ ಕಳ್ಳ ಅನ್ನಬೇಡಿ. ಆ ವಿಷಯದ ಸಮಿತಿಯಲ್ಲಿ ಅವರು ಇರಬಹುದು.

ಚರ್ಚೆ 60 ಅಂತ ತೋರಿಸ್ತಿದೆ. ಅರವತ್ತು ಭಾಷಣ ಮಾಡಿದ್ದಾರಾ?

ಅಷ್ಟು ನೇರ ಅಲ್ಲ. ಮಸೂದೆಯ ಮೇಲೆ ಇಪ್ಪತ್ತು ನಿಮಿಷ ಮಾತಾಡಿದ್ದೂ ಒಂದು, ಶೂನ್ಯ ವೇಳೆಯಲ್ಲಿ, ಅಂದರೆ ತುರ್ತು ವಿಷಯ ಎತ್ತಲು ಬಿಡುವ ಹೊತ್ತಿನಲ್ಲಿ, ಎರಡು ನಿಮಿಷ ಎದ್ದು ನಿಂತಿದ್ದೂ ಒಂದು. ಲೋಕಸಭೆಯಲ್ಲಿ 377ನೇ ನಿಯಮದ ಅಡಿ ಕ್ಷೇತ್ರದ ವಿಷಯ ಎತ್ತುತ್ತಾರೆ, ರಾಜ್ಯಸಭೆಯಲ್ಲಿ ಇದೇ ಥರದ ವಿಶೇಷ ಪ್ರಸ್ತಾಪ ಇದೆ. ಇವೆಲ್ಲ ಆ ಅರವತ್ತರಲ್ಲಿ ಸೇರಿರುತ್ತವೆ. 377ರಲ್ಲಿ ಬಹಳ ಸಲ ಬರೆದ ಪಠ್ಯವನ್ನು ಸದನದ ಮುಂದೆ ಇಟ್ಟರೂ ಆಯಿತು, ಓದಬೇಕಂತಲೂ ಇಲ್ಲ.

ಸಮಯ ಹಂಚಿಕೆಯನ್ನೂ ನೋಡಬೇಕು. ದೊಡ್ಡ ಚರ್ಚೆಗಳಲ್ಲಿ ಪಕ್ಷದ ಬಲಕ್ಕೆ ತಕ್ಕಂತೆ ಸಮಯ. ದೊಡ್ಡ ಪಕ್ಷದಲ್ಲಿ ಯಾರು ಮಾತಾಡಬೇಕು ಅನ್ನುವುದನ್ನು ಪಕ್ಷವೇ ತೀರ್ಮಾನಿಸುತ್ತದೆ. ಹಿಂದಿನ ಸಾಲಿನ ಹೊಸ ಎಂಪಿಗೆ ಸರದಿ ಬರುವುದೇ ಕಷ್ಟ. ಶೂನ್ಯ ವೇಳೆ ಮತ್ತು 377ಕ್ಕೆ ಮಾತ್ರ ಅವರೇ ನೋಟಿಸ್ ಕೊಡಬಹುದು. ಹೊಸಬರನ್ನು ಅಳೆಯುವಾಗ ನಾನು ಮೊದಲು ನೋಡುವುದು ಇವೆರಡನ್ನು.

ಖಾಸಗಿ ಮಸೂದೆ ತಂದಿದ್ದಾರೆ ಅಂತ ಪೇಪರಿನಲ್ಲಿ ದೊಡ್ಡದಾಗಿ ಬಂತು. ಕಾನೂನು ಆಗುತ್ತಾ?

ಆಗುವುದಿಲ್ಲ ಅಂತಲೇ ಇಟ್ಟುಕೊಳ್ಳಿ. ಸ್ವಾತಂತ್ರ್ಯ ಬಂದ ಮೇಲೆ ಕಾನೂನಾದ ಖಾಸಗಿ ಮಸೂದೆಗಳು 14 ಮಾತ್ರ, ಕೊನೆಯದು ಆಗಿದ್ದು 1970ರಲ್ಲಿ. ಇವಕ್ಕೆ ಸಿಗುವುದು ಶುಕ್ರವಾರ ಮಧ್ಯಾಹ್ನ ಎರಡೂವರೆ ಗಂಟೆಯಷ್ಟು ಹೊತ್ತು. ಆ ಹೊತ್ತಿಗೆ ಎಷ್ಟೋ ಎಂಪಿಗಳು ಊರಿಗೆ ಹೋಗುವ ವಿಮಾನ ಹತ್ತಿರುತ್ತಾರೆ. ಆದರೂ ಮಸೂದೆಯ ಪಠ್ಯ ಓದಿ. ಎಂಪಿಗೆ ಯಾವ ವಿಷಯದಲ್ಲಿ ನಿಜವಾದ ಆಸಕ್ತಿ ಅಂತ ಅದರಲ್ಲಿ ಗೊತ್ತಾಗುತ್ತದೆ.

## ಇನ್ನೂ ಒಳಕ್ಕೆ ಇಳಿಯುವವರಿಗೆ

ಆ ಮಸೂದೆಗೆ ನಮ್ಮ ಎಂಪಿ ಪರವಾಗಿ ವೋಟ್ ಹಾಕಿದ್ರಾ, ವಿರುದ್ಧ ಹಾಕಿದ್ರಾ?

ಬಹಳ ಮಸೂದೆಗಳ ವಿಷಯದಲ್ಲಿ ಇದು ದಾಖಲೆಯಲ್ಲೇ ಇರುವುದಿಲ್ಲ. ಸ್ಪೀಕರ್ "ಪರವಾಗಿ ಇರುವವರು ಹೌದು ಅನ್ನಿ, ವಿರುದ್ಧ ಇರುವವರು ಇಲ್ಲ ಅನ್ನಿ" ಎನ್ನುತ್ತಾರೆ. ಕೂಗು ಕೇಳಿ "ಹೌದು ಎನ್ನುವವರದೇ ಬಹುಮತ" ಅಂತ ಘೋಷಿಸುತ್ತಾರೆ. ಇದು ಧ್ವನಿಮತ. ಯಾರು ಕೂಗಿದರು, ಯಾರು ಸುಮ್ಮನಿದ್ದರು, ಯಾರು ಕ್ಯಾಂಟೀನಿನಲ್ಲಿದ್ದರು, ಯಾವುದೂ ಕಾಗದದ ಮೇಲೆ ಬರುವುದಿಲ್ಲ. ಯಾರಾದರೂ ಸದಸ್ಯರು ಮತ ವಿಭಜನೆ ಬೇಕು ಅಂತ ಕೇಳಿದಾಗ ಮಾತ್ರ ಹೆಸರು ಹಿಡಿದು ಎಣಿಸುತ್ತಾರೆ. 2020ರ ಸೆಪ್ಟೆಂಬರ್ 20ರಂದು ರಾಜ್ಯಸಭೆಯಲ್ಲಿ ಕೃಷಿ ಮಸೂದೆಗಳು ಧ್ವನಿಮತದಲ್ಲಿ ಪಾಸಾದಾಗ ಎದ್ದ ಗದ್ದಲಕ್ಕೆ ಇದೇ ಕಾರಣ. ವಿರೋಧ ಪಕ್ಷದವರು ವಿಭಜನೆ ಕೇಳಿದ್ದೆವು ಅಂದರು, ಅದು ಆಗಲಿಲ್ಲ.

ಸಂವಿಧಾನ ತಿದ್ದುಪಡಿಗೆ ಮಾತ್ರ ವಿಶೇಷ ಬಹುಮತ ಬೇಕಾದ್ದರಿಂದ ಎಣಿಸಲೇಬೇಕು. ಮಹಿಳಾ ಮೀಸಲಾತಿ ಮಸೂದೆಗೆ 2023ರ ಸೆಪ್ಟೆಂಬರ್‌ನಲ್ಲಿ ಲೋಕಸಭೆಯಲ್ಲಿ 454 ಪರ, 2 ವಿರುದ್ಧ ಬಿದ್ದವು. ರಾಜ್ಯಸಭೆಯಲ್ಲಿ 214 ಪರ, ವಿರುದ್ಧ ಒಂದೂ ಇಲ್ಲ. ವಕ್ಫ್ ತಿದ್ದುಪಡಿ ಮಸೂದೆ ಸಾಮಾನ್ಯ ಮಸೂದೆಯೇ ಆದರೂ 2025ರ ಏಪ್ರಿಲ್‌ನಲ್ಲಿ ವಿಭಜನೆ ನಡೆದು ಲೋಕಸಭೆಯಲ್ಲಿ 288ಕ್ಕೆ 232 ಆಯಿತು. ಹೀಗೆ ವಿಭಜನೆ ಆದ ದಿನದ ಚರ್ಚೆಯ ಪೂರ್ಣ ಪಠ್ಯ ತೆಗೆಯಿರಿ. ಭಾಷಣಗಳೆಲ್ಲ ಮುಗಿದ ಮೇಲೆ ಹೌದು, ಇಲ್ಲ ಅಂತ ಎರಡು ಪಟ್ಟಿಯಲ್ಲಿ ಹೆಸರುಗಳಿರುತ್ತವೆ. ಎರಡರಲ್ಲೂ ನಿಮ್ಮ ಎಂಪಿ ಇಲ್ಲದಿದ್ದರೆ ಮತಕ್ಕೆ ಇರಲಿಲ್ಲ, ಅಥವಾ ಇದ್ದೂ ಹಾಕಲಿಲ್ಲ ಅಂತ ಅರ್ಥ. ನನ್ನ ಕಣ್ಣು ಮೊದಲು ಹೋಗುವುದು ಅಲ್ಲಿಗೇ.

ಪಕ್ಷ ಹೇಳಿದ್ದಕ್ಕೆ ವಿರುದ್ಧ ವೋಟ್ ಹಾಕಬಹುದಲ್ವಾ? ಯಾಕೆ ಯಾರೂ ಹಾಕಲ್ಲ?

ಪಕ್ಷ ವಿಪ್ (ಹೀಗೇ ಮತ ಹಾಕಬೇಕು ಅನ್ನುವ ಆದೇಶ) ಕೊಟ್ಟ ಮೇಲೆ ವಿರುದ್ಧ ಹಾಕಿದರೂ, ಮತ ಹಾಕದೆ ಉಳಿದರೂ ಸದಸ್ಯತ್ವಕ್ಕೆ ಕುತ್ತು. ಇದು 1985ರಲ್ಲಿ ಬಂದ ಪಕ್ಷಾಂತರ ನಿಷೇಧ ಕಾನೂನು, ಸಂವಿಧಾನದ ಹತ್ತನೇ ಪರಿಚ್ಛೇದ. 15 ದಿನದೊಳಗೆ ಪಕ್ಷ ಕ್ಷಮಿಸಿದರೆ ಬಚಾವ್. ಸರ್ಕಾರ ಬೀಳಿಸುವ ವ್ಯಾಪಾರ ತಡೆಯಲು ತಂದ ಕಾನೂನು ಸಾಮಾನ್ಯ ಮಸೂದೆಗೂ ಅನ್ವಯ ಆಗುವುದರಿಂದ ಎಂಪಿಯ ಮತ ಹೆಚ್ಚಾಗಿ ಪಕ್ಷದ ಮತವೇ. ಅದಕ್ಕೇ ನಮ್ಮಲ್ಲಿ ಮತದ ದಾಖಲೆಗಿಂತ ಪ್ರಶ್ನೆ ಮತ್ತು ಮಾತು ಒಬ್ಬ ಎಂಪಿಯನ್ನು ಜಾಸ್ತಿ ತೋರಿಸಿಕೊಡುತ್ತವೆ. ಪಕ್ಷದ ಪರ ಮತ ಹಾಕುವ ಮುಂಚೆ ಭಾಷಣದಲ್ಲಿ "ಈ ಕಲಂ ಬಗ್ಗೆ ನನಗೆ ಅನುಮಾನವಿದೆ" ಅಂದವರು ಅಲ್ಲಲ್ಲಿ ಸಿಗುತ್ತಾರೆ.

ಸಮಿತಿಯಲ್ಲಿ ಇದ್ದಾರೆ ಅಂತಾರೆ. ಅಲ್ಲಿ ಏನು ನಡೆಯುತ್ತೆ?

ಕ್ಯಾಮೆರಾ ಇಲ್ಲದ ಕೋಣೆಯಲ್ಲಿ ನಡೆಯುವ ಕೆಲಸ ಇದು. ಇಲಾಖೆಗಳಿಗೆ ಸಂಬಂಧಿಸಿದ 24 ಸ್ಥಾಯಿ ಸಮಿತಿಗಳಿವೆ. ಒಂದೊಂದರಲ್ಲಿ 31 ಸದಸ್ಯರು: 21 ಲೋಕಸಭೆಯವರು, 10 ರಾಜ್ಯಸಭೆಯವರು. ಬಜೆಟ್ ಬೇಡಿಕೆ (ಇಲಾಖೆ ಕೇಳುವ ಹಣ), ಮಸೂದೆ, ಇಲಾಖೆಯ ಕೆಲಸ ಎಲ್ಲವನ್ನೂ ಅಧಿಕಾರಿಗಳನ್ನು ಎದುರಿಗೆ ಕೂರಿಸಿಕೊಂಡು ಕೇಳುತ್ತಾರೆ. ಬಾಗಿಲು ಮುಚ್ಚಿರುವುದರಿಂದ ಅಲ್ಲಿ ಪಕ್ಷದ ಜಗಳ ಕಡಿಮೆ.

ಸಭೆಯ ಮಾತುಗಳು ಹೊರಗೆ ಬರುವುದಿಲ್ಲ. ಆದರೆ ಸಮಿತಿಯ ವರದಿ ಬಹಿರಂಗ, ಮತ್ತು ಬಹುತೇಕರು ಮಗುಚದ ಜಾಗ ಅಂದರೆ ಆ ವರದಿಯ ಕೊನೆಯ ಪುಟಗಳು. ಅಲ್ಲಿ ಸಭೆಯ ನಡಾವಳಿ ಇರುತ್ತದೆ: ಯಾವ ದಿನ, ಎಷ್ಟು ಗಂಟೆಗೆ, ಯಾವ ಕೋಣೆಯಲ್ಲಿ, ಹಾಜರಿದ್ದ ಸದಸ್ಯರ ಹೆಸರು. ನಿಮ್ಮ ಎಂಪಿಯ ಸಮಿತಿಯ ನಾಲ್ಕೈದು ವರದಿ ತೆಗೆದು ಈ ಪಟ್ಟಿಗಳನ್ನು ಒಟ್ಟಿಗೆ ಇಟ್ಟು ನೋಡಿ. ಸದನದಲ್ಲಿ ಶೇ 90 ಹಾಜರಾತಿ ಇದ್ದವರ ಹೆಸರು ಇಲ್ಲಿ ಕಾಣದೇ ಇರಬಹುದು. ಟಿವಿಯಲ್ಲಿ ಎಂದೂ ಕಾಣದವರು ಪ್ರತಿ ಸಭೆಯಲ್ಲೂ ಇರಬಹುದು. ವರದಿಗೆ ಒಪ್ಪದವರು ಭಿನ್ನಾಭಿಪ್ರಾಯದ ಟಿಪ್ಪಣಿ ಬರೆದಿದ್ದರೆ ಅದೂ ಇಲ್ಲೇ ಸಿಗುತ್ತದೆ.

ಮಂತ್ರಿ ಕೊಟ್ಟ ಉತ್ತರ ಓದಿದೆ. ಏನೂ ಅರ್ಥ ಆಗಲಿಲ್ಲ. ಹೇಗೆ ಓದೋದು?

ಒಂದು ಹಾಳೆ ಕೈಯಲ್ಲಿ ಹಿಡಿದು ನೋಡೋಣ. ತಲೆಯಲ್ಲಿ ಸಚಿವಾಲಯದ ಹೆಸರು, ಪ್ರಶ್ನೆಯ ಸಂಖ್ಯೆ, ಉತ್ತರದ ದಿನಾಂಕ. ಕೆಳಗೆ ವಿಷಯ, ಕೇಳಿದವರ ಹೆಸರು. ಪ್ರಶ್ನೆಯನ್ನು ಎ, ಬಿ, ಸಿ, ಡಿ ಅಂತ ತುಂಡು ಮಾಡಿರುತ್ತಾರೆ. ಉತ್ತರವೂ ಹಾಗೇ ಬಿಡಿಬಿಡಿಯಾಗಿ ಇದ್ದರೆ ಒಳ್ಳೆಯದು. "ಎ ಯಿಂದ ಡಿ ವರೆಗೆ" ಅಂತ ಒಂದೇ ಪ್ಯಾರಾ ಇದ್ದರೆ ಎಚ್ಚರ. ನಾಲ್ಕರಲ್ಲಿ ಯಾವುದೋ ಒಂದು ಅದರಲ್ಲಿ ಕಳೆದುಹೋಗಿರುತ್ತದೆ, ಸಾಮಾನ್ಯವಾಗಿ ಕಷ್ಟದ್ದೇ.

ರೈಲ್ವೆ ಮೇಲ್ಸೇತುವೆಯ ಪ್ರಶ್ನೆ ಅಂತಿಟ್ಟುಕೊಳ್ಳಿ. ಕೇಳಿದ್ದು "ಯಾವಾಗ ಮುಗಿಯುತ್ತದೆ". ಉತ್ತರದಲ್ಲಿ ದೇಶದಲ್ಲಿ ಎಷ್ಟು ಮೇಲ್ಸೇತುವೆ ಕಟ್ಟಿದ್ದೇವೆ ಅಂತ ಎರಡು ಪುಟ. ಕೊನೆಯಲ್ಲಿ "ಕಾಮಗಾರಿ ಮುಗಿಯುವುದು ಭೂಸ್ವಾಧೀನ, ರಾಜ್ಯದ ಪಾಲಿನ ಹಣ ಮುಂತಾದ ಹಲವು ಅಂಶಗಳನ್ನು ಅವಲಂಬಿಸಿದೆ" ಅನ್ನುವ ಸಾಲು. ಅಂದರೆ ದಿನಾಂಕ ಇಲ್ಲ. "ಜಿಲ್ಲಾವಾರು ಮಾಹಿತಿ ಕೇಂದ್ರದಲ್ಲಿ ಇಟ್ಟಿಲ್ಲ" ಅಂದರೆ ರಾಜ್ಯವನ್ನು ಕೇಳಿ ಅಂತ. ಅನುಬಂಧ ಇದ್ದರೆ ಮೊದಲು ಅದನ್ನೇ ತೆರೆಯಿರಿ. ಪ್ಯಾರಾದಲ್ಲಿ ಮುಚ್ಚಿಟ್ಟದ್ದು ಪಟ್ಟಿಯಲ್ಲಿ ಬಯಲಾಗಿರುವುದು ಎಷ್ಟೋ ಸಲ ಕಂಡಿದೆ.

"ಪರಿಶೀಲಿಸುತ್ತೇವೆ" ಅಂದು ಮಂತ್ರಿ ಕೂತುಬಿಟ್ರು. ಆಮೇಲೆ ಯಾರು ಕೇಳ್ತಾರೆ?

ಕೇಳಲಿಕ್ಕೇ ಒಂದು ಸಮಿತಿ ಇದೆ, ಸರ್ಕಾರದ ಭರವಸೆಗಳ ಸಮಿತಿ. "ವಿಷಯ ಪರಿಶೀಲನೆಯಲ್ಲಿದೆ", "ಮಾಹಿತಿ ಸಂಗ್ರಹಿಸಿ ಸದನದ ಮುಂದೆ ಇಡಲಾಗುವುದು" ಇಂಥ ಮಾತುಗಳನ್ನು ಸಂಸತ್ತು ಭರವಸೆ ಅಂತ ಬರೆದುಕೊಳ್ಳುತ್ತದೆ. ಮೂರು ತಿಂಗಳಲ್ಲಿ ಈಡೇರಿಸಬೇಕು. ಹೆಚ್ಚು ಸಮಯ ಬೇಕಾದರೆ ಸಚಿವಾಲಯ ಸಮಿತಿಯನ್ನು ಕೇಳಿಕೊಳ್ಳಬೇಕು. ವರ್ಷಗಟ್ಟಲೆ ಬಾಕಿ ಉಳಿದ ಭರವಸೆಗಳ ಪಟ್ಟಿ ಸಮಿತಿಯ ವರದಿಗಳಲ್ಲಿ ಸಿಗುತ್ತದೆ. ನಿಮ್ಮ ಊರಿನ ವಿಷಯ ಅದರಲ್ಲಿ ಇದ್ದರೆ ಎಂಪಿಗೆ ಅದೇ ಪ್ರಶ್ನೆ ಸಂಖ್ಯೆ ಹಾಕಿ ಬರೆಯಿರಿ.

ವಿಡಿಯೋದಲ್ಲಿ ಕೇಳಿದ ಮಾತು ದಾಖಲೆಯಲ್ಲಿ ಇಲ್ಲ. ಮೋಸಾನಾ?

ಕಡತದಿಂದ ತೆಗೆದಿರಬಹುದು. ಅಸಂಸದೀಯ ಅನಿಸಿದ ಮಾತನ್ನು ತೆಗೆಸುವ ಅಧಿಕಾರ ಸ್ಪೀಕರ್‌ಗೆ, ರಾಜ್ಯಸಭೆಯಲ್ಲಿ ಸಭಾಪತಿಗೆ ಇದೆ. ತೆಗೆದ ಜಾಗದಲ್ಲಿ ಗುರುತು ಇರುತ್ತದೆ. ಇನ್ನೊಂದು ಕಾರಣವೂ ಉಂಟು. ಸರದಿ ಇಲ್ಲದೆ ಎದ್ದು ಕೂಗಿದ್ದನ್ನು ಬರೆದುಕೊಳ್ಳಬೇಡಿ ಅಂತ ಪೀಠದಿಂದಲೇ ಸೂಚನೆ ಬರುತ್ತದೆ. ತೆಗೆದ ಮಾತನ್ನು ದಾಖಲೆಯ ಮಾತು ಎಂಬಂತೆ ಪ್ರಕಟಿಸಿದರೆ ಹಕ್ಕುಚ್ಯುತಿ, ಅಂದರೆ ಸದನದ ಹಕ್ಕಿಗೆ ಧಕ್ಕೆ ತಂದ ತಪ್ಪು, ಆಗಬಹುದು, ಬರೆಯುವವರು ಗಮನಿಸಿ.

ಬಜೆಟ್ ಮೇಲೆ ನಮ್ಮ ಇಲಾಖೆ ಬಗ್ಗೆ ಚರ್ಚೆನೇ ಆಗಿಲ್ಲವಂತೆ. ಹಾಗೂ ಪಾಸ್ ಆಗುತ್ತಾ?

ಆಗುತ್ತದೆ. ಎಲ್ಲ ಸಚಿವಾಲಯಗಳ ಬೇಡಿಕೆ ಚರ್ಚಿಸಲು ದಿನ ಸಾಲದು. ಕೆಲವನ್ನು ಆರಿಸಿ ಚರ್ಚಿಸಿ, ಉಳಿದದ್ದನ್ನು ಕೊನೆಯ ದಿನ ಒಟ್ಟಿಗೆ ಮತಕ್ಕೆ ಹಾಕುತ್ತಾರೆ. ಇದಕ್ಕೆ ಗಿಲೋಟಿನ್ ಅಂತ ಹೆಸರು. 2023ರ ಮಾರ್ಚ್‌ನಲ್ಲಿ ಗದ್ದಲದ ನಡುವೆ ಲೋಕಸಭೆ ಎಲ್ಲ ಬೇಡಿಕೆಗಳನ್ನೂ ಚರ್ಚೆ ಇಲ್ಲದೆ ಪಾಸು ಮಾಡಿತು. ನಿಮ್ಮ ಎಂಪಿ ಕಡಿತ ಪ್ರಸ್ತಾವಕ್ಕೆ (ಬೇಡಿಕೆಯ ಹಣ ಕಡಿಮೆ ಮಾಡಿ ಅನ್ನುವ ಪ್ರಸ್ತಾವ) ನೋಟಿಸ್ ಕೊಟ್ಟಿದ್ದರಾ ಅಂತ ನೋಡಬಹುದು.

ಸಂಸದರ ನಿಧಿ ಐದು ಕೋಟಿ ಎಲ್ಲಿ ಹೋಯ್ತು?

ಮೊದಲನೆಯದಾಗಿ, ಆ ದುಡ್ಡು ಎಂಪಿಯ ಕೈಗೆ ಬರುವುದೇ ಇಲ್ಲ. ಈ ಯೋಜನೆ ಶುರುವಾದದ್ದು 1993ರ ಡಿಸೆಂಬರ್‌ನಲ್ಲಿ. 2011-12ರಿಂದ ವರ್ಷಕ್ಕೆ ಐದು ಕೋಟಿ ರೂಪಾಯಿ. ಕೋವಿಡ್ ಸಮಯದಲ್ಲಿ ನಡುವೆ ನಿಲ್ಲಿಸಿದ್ದರು. ಎಂಪಿ ಮಾಡುವುದು ಶಿಫಾರಸು ಅಷ್ಟೇ. ಮಂಜೂರು, ಟೆಂಡರು, ಬಿಲ್ಲು ಎಲ್ಲ ಜಿಲ್ಲಾಡಳಿತದ್ದು. ಲೋಕಸಭಾ ಸದಸ್ಯರು ತಮ್ಮ ಕ್ಷೇತ್ರಕ್ಕೆ, ರಾಜ್ಯಸಭಾ ಸದಸ್ಯರು ರಾಜ್ಯದಲ್ಲಿ ಎಲ್ಲಿಗಾದರೂ ಶಿಫಾರಸು ಮಾಡಬಹುದು. ಶೇ 15 ಪರಿಶಿಷ್ಟ ಜಾತಿ, ಶೇ 7.5 ಪರಿಶಿಷ್ಟ ಪಂಗಡದವರು ಇರುವ ಜಾಗಗಳಿಗೆ ಹೋಗಬೇಕು.

2023ರಿಂದ ಇ-ಸಾಕ್ಷಿ ಅನ್ನುವ ಪೋರ್ಟಲ್ ಮೂಲಕ ಇದೆಲ್ಲ ನಡೆಯುತ್ತಿದೆ. ಅಲ್ಲಿ ನೋಡುವಾಗ ಶಿಫಾರಸು, ಮಂಜೂರು, ಮುಕ್ತಾಯ ಈ ಮೂರನ್ನು ಬೇರೆ ಬೇರೆ ಇಟ್ಟುಕೊಳ್ಳಿ. ಶಿಫಾರಸೇ ಕಡಿಮೆ ಇದ್ದರೆ ಎಂಪಿಯನ್ನು ಕೇಳಿ. ಶಿಫಾರಸು ಇದ್ದೂ ಕೆಲಸ ಮುಗಿಯದಿದ್ದರೆ ಡಿಸಿ ಕಚೇರಿಯನ್ನು ಕೇಳಿ. ಬಯ್ಯುವುದಾದರೂ ಸರಿಯಾದವರನ್ನು ಬಯ್ಯಬೇಕಲ್ವಾ.

ಜಾಲತಾಣದಲ್ಲಿ ಸಿಗದಿದ್ದರೆ ಆರ್‌ಟಿಐ ಹಾಕಬಹುದಾ?

ಹಾಕಬಹುದು. ಲೋಕಸಭೆ, ರಾಜ್ಯಸಭೆ ಎರಡರ ಸಚಿವಾಲಯಗಳಲ್ಲೂ ಮಾಹಿತಿ ಅಧಿಕಾರಿಗಳಿದ್ದಾರೆ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಸಂಸದರ ನಿಧಿಯ ಕಾಮಗಾರಿಯ ಬಿಲ್ಲು, ಅಳತೆ ಪುಸ್ತಕ ಬೇಕಾದರೆ ಡಿಸಿ ಕಚೇರಿಗೆ ಅಥವಾ ಕೆಲಸ ಮಾಡಿದ ಇಲಾಖೆಗೆ ಅರ್ಜಿ. "ಎಂಪಿ ಯಾಕೆ ಮಾತಾಡಲಿಲ್ಲ" ಅನ್ನುವುದಕ್ಕೆ ಆರ್‌ಟಿಐನಲ್ಲಿ ಉತ್ತರ ಇಲ್ಲ. ದಾಖಲೆ ಇದ್ದರೆ ಮಾತ್ರ ಕೊಡುತ್ತಾರೆ.

ಹಿಂದಿನ ಕಾಲದ ಎಂಪಿಗಳ ಮಾತು ಸಿಗುತ್ತಾ?

ಸಂಸತ್ತಿನ ಡಿಜಿಟಲ್ ಗ್ರಂಥಾಲಯದಲ್ಲಿ 1952ರಿಂದಲೂ ಇದೆ, ಅದಕ್ಕೂ ಹಿಂದಿನ ಸಂವಿಧಾನ ಸಭೆಯ ಚರ್ಚೆಗಳೂ ಇವೆ. ಹಳೆಯವು ಸ್ಕ್ಯಾನ್ ಮಾಡಿದ ಪುಟಗಳು. ಹೆಸರಿನ ಸ್ಪೆಲ್ಲಿಂಗ್ ಎರಡು ಮೂರು ಥರ ಹಾಕಿ ಹುಡುಕಿ.

ನಮ್ಮ ಸಮಸ್ಯೆಯನ್ನು ಎಂಪಿ ಕೈಯಲ್ಲಿ ಪ್ರಶ್ನೆ ಮಾಡಿಸೋದು ಹೇಗೆ?

ಎಂಪಿ ಕಚೇರಿಗೆ "ಏನಾದರೂ ಮಾಡಿ" ಅಂತ ಮನವಿ ಕೊಟ್ಟರೆ ಅದು ಮನವಿಗಳ ಕಟ್ಟಿಗೆ ಸೇರುತ್ತದೆ. ಅದರ ಬದಲು ಪ್ರಶ್ನೆಯನ್ನೇ ಬರೆದುಕೊಡಿ. ಯಾವ ಸಚಿವಾಲಯ ಅಂತ ಮೇಲೆ ಹಾಕಿ. ಲೋಕಸಭೆಗಾದರೆ 150 ಪದ ದಾಟಬಾರದು. ಅಭಿಪ್ರಾಯ ಕೇಳಬೇಡಿ, ಆರೋಪ ಮಾಡಬೇಡಿ, ಕೋರ್ಟಿನಲ್ಲಿರುವ ವಿಷಯ ಬೇಡ. ಎಷ್ಟು, ಯಾವಾಗ, ಯಾಕೆ ತಡ ಅನ್ನುವ ರೀತಿಯಲ್ಲಿ ಕೇಳಿ. ಇದೇ ವಿಷಯಕ್ಕೆ ಮೊದಲೇ ಉತ್ತರ ಬಂದಿದ್ದರೆ ಅದರ ಸಂಖ್ಯೆ, ದಿನಾಂಕ ಕೊಡಿ.

ಪ್ರಶ್ನೆಗೆ 15 ದಿನ ಮುಂಚೆ ನೋಟಿಸ್ ಬೇಕು, ಸಚಿವಾಲಯಗಳಿಗೆ ವಾರದಲ್ಲಿ ಒಂದೊಂದು ದಿನ ಗೊತ್ತುಮಾಡಿರುತ್ತಾರೆ. ಅಧಿವೇಶನ ಶುರುವಾದ ಮೇಲೆ ಕೊಟ್ಟರೆ ಆ ಸಲಕ್ಕೆ ತಪ್ಪಿಹೋಗಬಹುದು. ಅಧಿವೇಶನದ ದಿನಾಂಕ ಪೇಪರಿನಲ್ಲಿ ಬಂದ ವಾರವೇ ಆಪ್ತ ಸಹಾಯಕರ ಕೈಗೆ ಮುಟ್ಟಿಸಿ. ಲಾಟರಿಯಲ್ಲಿ ಬೀಳದಿದ್ದರೆ ಮುಂದಿನ ಅಧಿವೇಶನಕ್ಕೆ ಅದನ್ನೇ ಮತ್ತೆ ಕೊಡಿ. ಬಿದ್ದರೆ ಉತ್ತರ ಎಂಪಿಯ ಹೆಸರಿನಲ್ಲಿ ಜಾಲತಾಣಕ್ಕೆ ಬರುತ್ತದೆ, ನಿಮ್ಮ ಹೆಸರು ಎಲ್ಲೂ ಇರುವುದಿಲ್ಲ. ಅದನ್ನು ಪ್ರಿಂಟ್ ತೆಗೆದು ಇಲಾಖೆಯ ಸ್ಥಳೀಯ ಕಚೇರಿಗೆ ಹೋಗಿ. ನಿಮ್ಮ ಮಾತಿಗೆ ಕೊಡದ ಬೆಲೆಯನ್ನು ಸಂಸತ್ತಿನಲ್ಲಿ ಮಂತ್ರಿ ಕೊಟ್ಟ ಲಿಖಿತ ಉತ್ತರಕ್ಕೆ ಅಧಿಕಾರಿಗಳು ಕೊಡುತ್ತಾರೆ.